ಕಯೋಟಿ ಬೇಟೆಗೆ ಸ್ಕೋಪ್: .223 ರೈಫಲ್ ಮೇಲೆ ಯಾವುದು ಕೂರಿಸೋದು? (ಟೆಕ್ಸಸ್, ಬಜೆಟ್ 500 ಡಾಲರ್)

ಹಾಸನ_ಟು_ಆಸ್ಟಿನ್
ಎಲ್ಲರಿಗೂ ನಮಸ್ಕಾರ. ಆಸ್ಟಿನ್‌ನಿಂದ ಪಶ್ಚಿಮಕ್ಕೆ, ಲ್ಯಾನೋ ಕಡೆ, ನಾನೂ ನಮ್ಮ ಭಾವನೂ ಸೇರಿ ಸ್ವಲ್ಪ ಜಮೀನು ತಗೊಂಡಿದೀವಿ. ಆಗ್ ಎಕ್ಸೆಂಪ್ಶನ್ (ಕೃಷಿ ಜಮೀನಿನ ತೆರಿಗೆ ರಿಯಾಯಿತಿ) ಉಳಿಸ್ಕೊಳ್ಳೋಕೆ ಅಂತ ಮೇಕೆ ಬಿಟ್ವಿ, ಈಗ ಅದೇ ಹುಚ್ಚು ಹಿಡಿದಿದೆ. ಮರಿ ಹಾಕೋ ಕಾಲ. ಬೆಳಗ್ಗೆ ಹೋಗಿ ನೋಡಿದ್ರೆ ಬೇಲಿ ಪಕ್ಕ ಕಾಲು, ಚರ್ಮ ಅಷ್ಟೇ ಬಿದ್ದಿರುತ್ತೆ. ಪಕ್ಕದ ರ‍್ಯಾಂಚ್‌ನ ಅಜ್ಜ ಬಂದು ಕುತ್ತಿಗೆ ಹತ್ರ ಹಲ್ಲಿನ ಗುರುತು ತೋರಿಸಿ "ಕಯೋಟಿ ಕೆಲಸ" ಅಂದ್ರು (ಕಯೋಟಿ ಅಂದ್ರೆ ಇಲ್ಲಿನ ನರಿ-ತೋಳದಂಥ ಕಾಡುಪ್ರಾಣಿ).

ಭಾವನ ಹತ್ರ .223 ಬೋಲ್ಟ್ ಆಕ್ಷನ್ ರೈಫಲ್ ಇದೆ, ಸ್ಕೋಪ್ ಇಲ್ಲ. ಅಂಗಡಿಯವನು 6-24×50 (6ರಿಂದ 24 ಪಟ್ಟು ದೊಡ್ಡದಾಗಿ ತೋರ್ಸೋದು, ಮುಂದಿನ ಲೆನ್ಸ್ 50 ಎಂಎಂ) ತೋರಿಸಿ ಇದೇ ತಗೊಳ್ಳಿ, ದೂರದ್ದೆಲ್ಲ ಹತ್ರ ಕಾಣುತ್ತೆ ಅಂತಿದಾನೆ. ನಮ್ಮ ಜಾಗ ಪೂರ್ತಿ ಬಯಲಲ್ಲ. ಮೆಸ್ಕೀಟ್ ಪೊದೆ (ನಮ್ಮ ಬಳ್ಳಾರಿ ಜಾಲಿಯ ದಾಯಾದಿನೇ, ಮುಳ್ಳೂ ಅದೇ ಥರ), ಸೀಡರ್ ಮರ, ಮಧ್ಯೆ ಮಧ್ಯೆ ಹುಲ್ಲು. ಅತಿ ಉದ್ದ ನೋಟ ಅಂದ್ರೆ 250 ಗಜ. ಬೆಳಗಿನ ಮಬ್ಬಲ್ಲಿ, ಸಂಜೆ ಹೊತ್ತಲ್ಲಿ ಕೂರೋ ಯೋಚನೆ. ದಯವಿಟ್ಟು ತಿಳಿದವರು ಹೇಳಿ.

ಧಾರವಾಡ_ಪೇಡಾ
ಏನ್ರೀ ಸರ, 24 ಪವರ್ ತಗೊಂಡು ಚಂದ್ರನ ಮ್ಯಾಲಿನ ಕುಣಿ ಎಣಸ್ತೀರೇನು? ಬಿಟ್ಟಬಿಡ್ರಿ ಅದನ್ನ. ಅಂಗಡಿಯಾವ ಹೆಚ್ಚಿನ ನಂಬರ್ ತೋರಿಸಿ ಮಾರ್ತಾನ, ಹೊಲದಾಗ ಕೆಲಸಕ್ಕ ಬರೂದು ಕೆಳಗಿನ ನಂಬರ್.

ಪೊದೆಮರೆ
ಪೇಡಾ ಅವರು ಸರಿಯಾಗಿ ಹೇಳಿದ್ರು. ನಾನು ಸ್ಯಾನ್ ಏಂಜೆಲೋ ಕಡೆ ಇರೋನು, ಇಲ್ಲಿ ಸುತ್ತಮುತ್ತ ಕುರಿ ಮೇಕೆಯವರೇ ಜಾಸ್ತಿ, ಹಾಗಾಗಿ ವರ್ಷಗಳಿಂದ ಇದೇ ನಡೀತಿದೆ. ಸ್ವಲ್ಪ ಉದ್ದ ಬರೀತೀನಿ.

ಕಯೋಟಿಯನ್ನ ನೀವು ಹುಡುಕಿಕೊಂಡು ಹೋಗಲ್ಲ, ಕರೀತೀರಿ. ಗಾಯವಾದ ಮೊಲದ ಕೂಗನ್ನ ಬಾಯಲ್ಲಿ ಊದೋ ಪೀಪಿಯಲ್ಲೋ ಎಲೆಕ್ಟ್ರಾನಿಕ್ ಸ್ಪೀಕರಲ್ಲೋ ಹಾಕಿ, ಪೊದೆಗೆ ಬೆನ್ನು ಕೊಟ್ಟು ಅಲ್ಲಾಡದೆ ಕೂರ್ತೀರಿ. ಅದು ಬರೋದು ನೀವು ನೋಡ್ತಾ ಇರೋ ಬಯಲಿಂದಲ್ಲ. ಸುತ್ತು ಹಾಕಿ, ಗಾಳಿ ನಿಮ್ಮ ಕಡೆಯಿಂದ ಅದರ ಮೂಗಿಗೆ ಬೀಸೋ ಜಾಗಕ್ಕೆ ಬರುತ್ತೆ. ಎಷ್ಟೋ ಸಲ 40 ಗಜದಲ್ಲಿ ಪೊದೆಯಿಂದ ತಲೆ ಹೊರಗೆ ಬಂದಮೇಲೇನೇ ಗೊತ್ತಾಗೋದು. ಅದೂ ನಿಂತಿರಲ್ಲ, ಕುಕ್ಕೋಟದಲ್ಲಿ ಬರ್ತಿರುತ್ತೆ.

ಈಗ ಲೆಕ್ಕ ನೋಡಿ. ಸಾಮಾನ್ಯ 3-9×40 ಸ್ಕೋಪನ್ನ 3ರಲ್ಲಿ ಇಟ್ರೆ, 100 ಗಜದಲ್ಲಿ ಸುಮಾರು 33 ಅಡಿ ಅಗಲದ ಜಾಗ ಕಾಣುತ್ತೆ. 6ರಲ್ಲಿ ಅದರ ಅರ್ಧ, 16-17 ಅಡಿ. 50 ಗಜಕ್ಕೆ ಬಂದ್ರೆ ಅದರಲ್ಲೂ ಅರ್ಧ, ಅಂದ್ರೆ 8 ಅಡಿ. ಗಂಟೆಗೆ 10 ಮೈಲಿ ವೇಗದ ಕುಕ್ಕೋಟ ಅಂದ್ರೆ ಸೆಕೆಂಡಿಗೆ 15 ಅಡಿ ಹತ್ರ. 6-24 ಸ್ಕೋಪಲ್ಲಿ ಅತಿ ಕಡಿಮೆಯೇ 6. ಹಾಗಾದ್ರೆ 50 ಗಜದಲ್ಲಿ ಅಡ್ಡ ಹೋಗ್ತಿರೋ ಕಯೋಟಿ ನಿಮ್ಮ ಕಿಂಡಿಯಲ್ಲಿ ಅರ್ಧ ಸೆಕೆಂಡ್ ಇರುತ್ತೆ, ಆಮೇಲೆ ಬರೀ ಹುಲ್ಲು. ರೈಫಲ್ ಆ ಕಡೆ ಈ ಕಡೆ ತಿರುಗಿಸಿ ಹುಡುಕೋ ಹೊತ್ತಿಗೆ ಅದು ನಿಮ್ಮನ್ನ ನೋಡಿ ಆಯ್ತು.

ಮೇಲಿನ ಕಡೆ ಎಷ್ಟು ಬೇಕು? ನಿಮ್ಮ 250 ಗಜಕ್ಕೆ 8 ಅಥವಾ 9 ಧಾರಾಳ. 12 ಇದ್ರೆ ಬೇಡ ಅನ್ನಲ್ಲ. ಕೆಳಗಿನ ಅಂಕಿ 2, 2.5, 3 ಇರಲಿ. 4 ಕೊನೇ ಮಿತಿ.

ಹಾಸನ_ಟು_ಆಸ್ಟಿನ್
ಪೊದೆಮರೆ ಸಾರ್, ತುಂಬಾ ಥ್ಯಾಂಕ್ಸ್. ಇದನ್ನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಆದ್ರೆ ಮಬ್ಬು ಬೆಳಕಿಗೆ 50 ಎಂಎಂ ಲೆನ್ಸ್ ಒಳ್ಳೇದಲ್ವಾ? 30 ಎಂಎಂ ಟ್ಯೂಬ್ ಆದ್ರೆ ಬೆಳಕು ಜಾಸ್ತಿ ಬರುತ್ತೆ ಅಂತಾನೂ ಹೇಳಿದ.

ಗಾಜಿನಮನೆ
ಟ್ಯೂಬಿನ ದಪ್ಪಕ್ಕೂ ಬೆಳಕಿಗೂ ಸಂಬಂಧ ಇಲ್ಲ. ಒಂದು ಇಂಚಿನ ಟ್ಯೂಬಿಗಿಂತ 30 ಎಂಎಂ ಟ್ಯೂಬಲ್ಲಿ ಸಿಗೋದು ಮೇಲೆ ಕೆಳಗೆ ತಿರುಗಿಸೋಕೆ ಹೆಚ್ಚು ಜಾಗ, ಸ್ವಲ್ಪ ಗಟ್ಟಿತನ. 250 ಗಜಕ್ಕೆ ಅದು ಬೇಕಾಗಲ್ಲ.

ಬೆಳಕಿನ ಲೆಕ್ಕಕ್ಕೆ ಮುಂದಿನ ಲೆನ್ಸಿನ ಮಿಲಿಮೀಟರನ್ನ ಪವರ್‌ನಿಂದ ಭಾಗಿಸಿ. 40ನ್ನ 9ರಿಂದ ಭಾಗಿಸಿದ್ರೆ 4.4 ಮಿ.ಮೀ. ಬೆಳಕಿನ ಬಿಲ್ಲೆ ಕಣ್ಣಿಗೆ ಬರುತ್ತೆ. ಪವರ್ 6ಕ್ಕೆ ಇಳಿಸಿದ್ರೆ 6.7. ಕತ್ತಲಲ್ಲಿ ಎಳೇ ವಯಸ್ಸಿನವರ ಕಣ್ಣಿನ ಪಾಪೆ ಹೆಚ್ಚೆಂದ್ರೆ 7 ಮಿ.ಮೀ. ಹಿಗ್ಗುತ್ತೆ, ನಲವತ್ತು ಐವತ್ತು ದಾಟಿದ ನಮ್ಮಂಥವರದ್ದು 5ರ ಹತ್ರ. ಹಾಗಾಗಿ 40 ಎಂಎಂ ಸ್ಕೋಪನ್ನ 6ರಲ್ಲಿ ಇಟ್ಟುಕೊಂಡ್ರೆ ನಿಮ್ಮ ಕಣ್ಣು ಕುಡಿಯೋಕಾಗೋಷ್ಟು ಬೆಳಕು ಆಗಲೇ ಬರ್ತಿದೆ. 50 ಎಂಎಂ ಹಾಕಿದ್ರೆ ಎತ್ತರದ ರಿಂಗ್ (ಸ್ಕೋಪನ್ನ ರೈಫಲಿಗೆ ಹಿಡಿಸೋ ಬಳೆ) ಬೇಕು, ಆಗ ಕೆನ್ನೆ ರೈಫಲಿನ ಹಿಂಭಾಗದ ಸ್ಟಾಕ್ ಮೇಲೆ ಕೂರಲ್ಲ, ಗಲ್ಲ ಊರಿ ಕತ್ತು ಎತ್ತಿ ನೋಡ್ಬೇಕಾಗುತ್ತೆ. ಬೇಗ ಗುರಿ ಹಿಡಿಯೋ ಕೆಲಸಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ.

ಲೆನ್ಸಿನ ಗಾತ್ರಕ್ಕಿಂತ ಗಾಜಿನ ಗುಣ, ಕೋಟಿಂಗ್ ಮುಖ್ಯ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಸ್ಕೋಪೂ ಚೆನ್ನಾಗೇ ಕಾಣುತ್ತೆ. ಸಾಧ್ಯವಾದ್ರೆ ಸಂಜೆ ಹೋಗಿ, ಬಾಗಿಲ ಹೊರಗೆ ತಂದು ಪಾರ್ಕಿಂಗ್‌ನ ಆಚೆ ತುದಿಯ ಮರದ ನೆರಳಲ್ಲಿ ತೊಗಟೆ ಕಾಣುತ್ತಾ ನೋಡಿ. ಅಂಗಡಿಯವರು ಬೇಡ ಅನ್ನಲ್ಲ, ಒಬ್ಬ ಹುಡುಗ ಜೊತೆಗೆ ಬರ್ತಾನೆ ಅಷ್ಟೇ.

ಧಾರವಾಡ_ಪೇಡಾ
ಗಾಜಿನಮನೆ ಅವರ, ರೆಟಿಕಲ್ (ಸ್ಕೋಪಿನಾಗ ಕಾಣೂ ಗುರಿ ಗೆರಿ) ಬಗ್ಗೆನೂ ಒಂದೀಟು ಹೇಳ್ರಲ್ಲ. ಫಸ್ಟ್ ಫೋಕಲ್ ಪ್ಲೇನ್ ಇಲ್ಲಂದ್ರ ಸ್ಕೋಪೇ ಅಲ್ಲ ಅನ್ನೂ ಹಂಗ ಯೂಟ್ಯೂಬಿನಾಗ ಎಲ್ಲಾರೂ ಒದರಾಕತ್ಯಾರ.

ಗಾಜಿನಮನೆ
ಸಾವಿರ ಗಜ ಹೊಡೆಯೋರ ಮಾತು ಅದು. ಫಸ್ಟ್ ಫೋಕಲ್‌ನಲ್ಲಿ ಪವರ್ ಜೊತೆಗೆ ಗೆರೆಗಳೂ ದೊಡ್ಡದು ಚಿಕ್ಕದು ಆಗುತ್ವೆ. ಅಳತೆ ಎಲ್ಲಾ ಪವರ್‌ನಲ್ಲೂ ಸರಿ. ಆದ್ರೆ 3ಕ್ಕೆ ಇಳಿಸಿದಾಗ ಗೆರೆ ಜೇಡರ ಬಲೆಯ ಎಳೆ ಥರ ಆಗಿ, ಮುಸ್ಸಂಜೆಯಲ್ಲಿ ಬೂದು ಬಣ್ಣದ ಕಯೋಟಿ ಮೈಮೇಲೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ನಮಗೆ ಆ 3ರಲ್ಲೇ ತಾನೇ ಕೆಲಸ ಇರೋದು? ಸೆಕೆಂಡ್ ಫೋಕಲ್‌ನಲ್ಲಿ ಗೆರೆ ಯಾವಾಗಲೂ ಒಂದೇ ದಪ್ಪ. ಸಾದಾ ಡ್ಯುಪ್ಲೆಕ್ಸ್ (ಅಂಚಲ್ಲಿ ದಪ್ಪ, ನಡುವೆ ತೆಳು ಇರೋ ಅಡ್ಡ-ಉದ್ದ ಗೆರೆ) ಸಾಕು, ನಡುವೆ ಕೆಂಪು ಚುಕ್ಕೆ ಬೆಳಗೋ ಥರದ್ದು ಬಜೆಟ್ಟಲ್ಲಿ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಬಿ.ಡಿ.ಸಿ. ರೆಟಿಕಲ್, ಅಂದ್ರೆ ದೂರಕ್ಕೆ ಹೋದಂತೆ ಗುಂಡು ಎಷ್ಟು ಕೆಳಗಿಳಿಯುತ್ತೆ ಅನ್ನೋದಕ್ಕೆ ಗುರುತು ಇರೋದು ತಗೊಂಡ್ರೆ ಒಂದು ಎಚ್ಚರ: ಸೆಕೆಂಡ್ ಫೋಕಲ್ ಸ್ಕೋಪಲ್ಲಿ ಆ ಗುರುತುಗಳು ಸಾಮಾನ್ಯವಾಗಿ ಅತಿ ಹೆಚ್ಚು ಪವರ್‌ನಲ್ಲಿ ಮಾತ್ರ ಸರಿ. 9ರಲ್ಲಿ ಲೆಕ್ಕ ಹಾಕಿದ ಗುರುತನ್ನ 4.5ರಲ್ಲಿ ಬಳಸಿದ್ರೆ ಎರಡು ಪಟ್ಟು ಎತ್ತರಕ್ಕೆ ಹೋಗುತ್ತೆ ಗುಂಡು.

ಪೊದೆಮರೆ
.223ಗೆ ಗುರುತು ಬೇಕಾಗೋದೇ ಇಲ್ಲ ಅಂತ ನನ್ನ ಅಭಿಪ್ರಾಯ. 55 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 3,200 ಅಡಿ ಚಿಲ್ಲರೆ ವೇಗ. 200 ಗಜಕ್ಕೆ ಜೀರೋ ಮಾಡಿದ್ರೆ (ಅಂದ್ರೆ ಆ ದೂರದಲ್ಲಿ ಗುಂಡು ಗೆರೆ ಇಟ್ಟಲ್ಲೇ ಬೀಳೋ ಹಾಗೆ ಹೊಂದಿಸಿದ್ರೆ) 100ರಲ್ಲಿ ಒಂದೂವರೆ ಇಂಚು ಮೇಲೆ, 250ರಲ್ಲಿ ಮೂರು ಇಂಚು ಆಸುಪಾಸು ಕೆಳಗೆ. ಕಯೋಟಿ ನೋಡೋಕೆ ದೊಡ್ಡದು, ಆದ್ರೆ ಅದರಲ್ಲಿ ಬರೀ ಕೂದಲೇ ಜಾಸ್ತಿ. ತೂಕ 30-35 ಪೌಂಡ್ ಇದ್ರೆ ಹೆಚ್ಚು. ಎದೆಗೂಡಲ್ಲಿ ಗುಂಡು ಬೀಳಬೇಕಾದ ಜಾಗ ಆರು ಇಂಚು ಅಂತ ಇಟ್ಕೊಳ್ಳಿ. ನಿಮ್ಮ ಬಯಲಿನ ಈ ತುದಿಯಿಂದ ಆ ತುದಿವರೆಗೂ ಎದೆ ನಡುವೆ ಗೆರೆ ಇಟ್ರೆ ಆಯ್ತು, ಟರೆಟ್ (ಗುರಿ ಹೊಂದಿಸೋ ಗುಂಡಿ) ತಿರುಗಿಸೋ ಪ್ರಶ್ನೆ ಇಲ್ಲ. ಹಾಗಾಗಿ ಮುಚ್ಚಳ ಇರೋ ಟರೆಟ್ಟೇ ತಗೊಳ್ಳಿ. ತೆರೆದ ಟರೆಟ್ ಟ್ರಕ್ಕಿನ ಸೀಟಿಗೆ, ಬ್ಯಾಗಿಗೆ ಉಜ್ಜಿ ತಾನೇ ತಿರುಗಿರುತ್ತೆ.

ಗಾಳಿ ಮಾತ್ರ ಮೋಸ ಮಾಡುತ್ತೆ. ಅಡ್ಡಗಾಳಿ ಗಂಟೆಗೆ 10 ಮೈಲಿ ಇದ್ರೆ ಈ ಹಗುರ ಗುಂಡು 200 ಗಜದಲ್ಲಿ ನಾಲ್ಕು ಇಂಚಿನ ಹತ್ರ ಪಕ್ಕಕ್ಕೆ ಸರಿಯುತ್ತೆ. ಪಶ್ಚಿಮ ಟೆಕ್ಸಸ್‌ನಲ್ಲಿ 10 ಮೈಲಿ ಅನ್ನೋದು ಗಾಳಿ ಇಲ್ಲದ ದಿನ!

ಕೋವಿ_ಕೊಡಗು
ನಾವು ಚಿಕ್ಕಂದಿನಿಂದ ಕೈಲ್‌ಪೋದ್‌ಗೆ (ನಮ್ಮ ಆಯುಧ ಪೂಜೆ ಹಬ್ಬ) ತೋಕ್, ಅಂದರೆ ಕೋವಿ, ಹಿಡಿದು ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದವರು. ಆದರೆ ಅದೆಲ್ಲ ಬರಿಗಣ್ಣಿನ ಗುರಿ. ಸ್ಕೋಪ್‌ಗೆ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಐ ರಿಲೀಫ್. ಕಣ್ಣಿಗೂ ಹಿಂದಿನ ಗಾಜಿಗೂ ಮೂರೂವರೆ ಇಂಚು ಅಂತರ ಇರುವ ಹಾಗೆ ಕೂರಿಸಿ. .223 ಅಷ್ಟೇನೂ ಒದೆಯುವುದಿಲ್ಲ, ಆದರೂ ಅಂತರ ಸರಿ ಇಲ್ಲದಿದ್ದರೆ ಸುತ್ತ ಕಪ್ಪು ಉಂಗುರ ಕಂಡು ಗುರಿ ಹಿಡಿಯುವುದಕ್ಕೇ ತಡವಾಗುತ್ತದೆ.

ಕೂರಿಸುವಾಗ ಒಂದು ಉಪಾಯ: ಕಣ್ಣು ಮುಚ್ಚಿಕೊಂಡು ರೈಫಲ್ ಭುಜಕ್ಕೆ ತನ್ನಿ, ಕೆನ್ನೆ ಆರಾಮವಾಗಿ ಇಡಿ, ಆಮೇಲೆ ಕಣ್ಣು ಬಿಡಿ. ಪೂರ್ತಿ ದುಂಡಗೆ ಬೆಳ್ಳಗೆ ಕಂಡರೆ ಸರಿ. ಇಲ್ಲವಾದರೆ ರಿಂಗ್ ಸಡಿಲಿಸಿ ಹಿಂದೆ ಮುಂದೆ ಸರಿಸಿ. ಪವರ್ ಅತಿ ಹೆಚ್ಚಿನದಕ್ಕೆ ಇಟ್ಟು ಈ ಪರೀಕ್ಷೆ ಮಾಡಿ, ಅಲ್ಲೇ ಬಿಗಿ ಇರುವುದು. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ಮಾಡಬೇಕು, ಟೀ ಶರ್ಟ್‌ನಲ್ಲಿ ಅಳೆದರೆ ಜನವರಿಯಲ್ಲಿ ಅಂತರ ಬದಲಾಗಿರುತ್ತದೆ. ಮತ್ತೆ ರಿಂಗ್‌ನ ಸ್ಕ್ರೂ ಕೈಬಲದಲ್ಲಿ ತಿರುಚಬೇಡಿ. ಟಾರ್ಕ್ ಡ್ರೈವರ್ ತಗೊಳ್ಳಿ, ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್. ರಿಂಗ್ ಡಬ್ಬಿ ಮೇಲೆ ಬರೆದಿರುವುದೇ ಕೊನೆಯ ಮಾತು.

ಶಿರಸಿ_ಸೊಸೆ
ಮಧ್ಯೆ ಬಾಯಿ ಹಾಕ್ತಾ ಇದ್ದಿ, ಬೇಜಾರು ಮಾಡ್ಕಳಡಿ. ನಾನು ಪಶುವೈದ್ಯೆ, ಕ್ಯಾಲಿಫೋರ್ನಿಯಾದಲ್ಲಿ ಇದ್ದಿ. ಸ್ಕೋಪಿಗೆ 500 ಡಾಲರ್ ಹಾಕುವ ಮೊದಲು ರಾತ್ರಿ ಮೇಕೆಗಳನ್ನ ಎಲ್ಲಿ ಕೂಡ್ತೀರಿ ಅಂತ ಯಾರೂ ಕೇಳಿಲ್ಲವಲ್ಲ? ಮರಿ ಹಾಕುವ ತಿಂಗಳಲ್ಲಿ ಮನೆ ಹತ್ತಿರ ಎಲೆಕ್ಟ್ರಿಕ್ ನೆಟ್ ಬೇಲಿ ಹಾಕಿ, ಒಳಗೆ ಕೂಡಿ, ಒಂದು ಜೋಡಿ ಗ್ರೇಟ್ ಪಿರನೀಸ್ ನಾಯಿ ಬಿಟ್ಟರೆ ಮುಕ್ಕಾಲು ತೊಂದರೆ ಅಲ್ಲಿಗೇ ನಿಲ್ಲುತ್ತೆ. ಒಂದು ಜಾಗದ ಹಳೇ ಜೋಡಿಯನ್ನ ಹೊಡೆದರೆ ಆ ಖಾಲಿ ಜಾಗಕ್ಕೆ ಬೇರೆ ಕಯೋಟಿ ಬಂದು ಸೇರ್ತವೆ. ಅವು ಮೇಕೆ ತಿನ್ನುವ ಅಭ್ಯಾಸದವೋ ಅಲ್ಲವೋ ಹೇಳಕ್ಕಾಗಲ್ಲ.

ಪೊದೆಮರೆ
ಮೇಡಂ, ನಿಮ್ಮ ಮಾತು ಒಪ್ಪಿದೆ. ನಾಯಿ, ಬೇಲಿ ಮೊದಲು, ರೈಫಲ್ ಆಮೇಲೆ. ನಮ್ಮಲ್ಲೂ ಪಿರನೀಸ್ ಇವೆ. ಆದ್ರೆ ಒಂದು ಸಲ ಮರಿ ರುಚಿ ಕಂಡ ಕಯೋಟಿ ಬೇಲಿ ಕೆಳಗೆ ಕೆರೆದು ಬರೋದು ಬಿಡಲ್ಲ, ಆ ಒಂದನ್ನ ತೆಗೀಲೇಬೇಕಾಗುತ್ತೆ. ಹಾಸನದವರೇ, ಸುಮಾರು ಕೌಂಟಿಗಳಲ್ಲಿ ಸರ್ಕಾರದ ಟ್ರ್ಯಾಪರ್ ಇರ್ತಾರೆ, ಫೋನ್ ಮಾಡಿ ವಿಚಾರಿಸಿ.

ಹಾಸನ_ಟು_ಆಸ್ಟಿನ್
ನಾಯಿ ಈಗಾಗಲೇ ಒಂದು ಬಂದಿದೆ ಅಕ್ಕ, ಇನ್ನೂ ಮರಿ. ನೆಟ್ ಬೇಲಿ ಈ ವಾರಾಂತ್ಯ ಹಾಕ್ತೀವಿ.

ಇನ್ನೊಂದು ಪ್ರಶ್ನೆ. ನಮ್ಮನ್ನ ಕಾಡೋದು ರಾತ್ರಿ. ಹಾಗಾದ್ರೆ ನೇರ ಥರ್ಮಲ್ ಸ್ಕೋಪಿಗೇ (ಮೈಬಿಸಿ ನೋಡಿ ಕತ್ತಲಲ್ಲಿ ತೋರ್ಸೋದು) ಹೋಗೋದು ಒಳ್ಳೇದಾ?

ಅಮರಿಲ್ಲೋ_ಗೌಡ
ಗುರು, 500 ಡಾಲರಿಗೆ ಒಳ್ಳೇ ಥರ್ಮಲ್ ಸ್ಕೋಪ್ ಬರಲ್ಲ. ಉಪಯೋಗಕ್ಕೆ ಬರೋ 384×288 ಸೆನ್ಸರಿನದ್ದೇ ಸಾಮಾನ್ಯವಾಗಿ ಸಾವಿರ ದಾಟುತ್ತೆ, 640×512 ಅಂದ್ರೆ ಇನ್ನೂ ದುಬಾರಿ. ಡಬ್ಬಿ ಮೇಲೆ "ಡಿಟೆಕ್ಷನ್ 1,200 ಗಜ" ಅಂತ ಬರ್ದಿರ್ತಾರಲ್ಲ, ಅದನ್ನ ನೋಡಿ ಮರುಳಾಗ್ಬೇಡ. ಡಿಟೆಕ್ಷನ್ ಅಂದ್ರೆ ಅಲ್ಲೇನೋ ಬಿಸಿ ಇದೆ ಅಂತ ಒಂದು ಬಿಳಿ ಚುಕ್ಕೆ ಕಾಣೋದು. ಅದು ಕಯೋಟಿನೋ ಪಕ್ಕದವರ ಕರುನೋ ಗೊತ್ತಾಗ್ಬೇಕಾದ್ರೆ ಆ ದೂರದ ಸಣ್ಣ ಪಾಲಿಗೆ ಬರ್ಬೇಕು. ಡಿಜಿಟಲ್ ಜೂಮ್ ಒತ್ತಿದ್ರೆ ಚುಕ್ಕೆ ದೊಡ್ಡದಾಗುತ್ತೆ, ಹೊಸದೇನೂ ಕಾಣಲ್ಲ.

ನಿಮ್ಮ ಅಕ್ಕ ಹೇಳಿದ ಪಿರನೀಸ್ ನಾಯಿನ ಥರ್ಮಲ್‌ನಲ್ಲಿ ನೋಡು ಒಂದ್ಸಲ. ಹಗಲಲ್ಲಿ ಹಾಲಿನಂಥ ಬಿಳಿ ನಾಯಿ, ರಾತ್ರಿ ಪರದೆ ಮೇಲೆ ಬಣ್ಣ ಎಲ್ಲಿಂದ ಬರ್ಬೇಕು? ದಪ್ಪ ಕೂದಲು ಇರೋದ್ರಿಂದ ಮೈ ಮಂಕಾಗಿ, ಮುಖ ಕಾಲು ಮಾತ್ರ ಹೊಳೆಯುತ್ತೆ. ತಲೆ ತಗ್ಗಿಸಿ ಬೇಲಿಗುಂಟ ಓಡ್ತಿದ್ರೆ ಅಳತೆ ತಿಳಿಯಲ್ಲ, ಕಯೋಟಿ ಅಂತಾನೇ ಅನ್ಸುತ್ತೆ. ಬಾಲ ನೋಡ್ಬೇಕು. ಕಯೋಟಿ ಓಡೋವಾಗ ಬಾಲ ಕೆಳಗೆ ಇಳಿಬಿಟ್ಟಿರುತ್ತೆ, ಪಿರನೀಸ್ ಹುಷಾರಾದಾಗ ಬಾಲ ಬೆನ್ನ ಮೇಲೆ ಚಕ್ರದ ಥರ ಸುತ್ಕೊಂಡಿರುತ್ತೆ. ಅನುಮಾನ ಇದ್ರೆ ಟ್ರಿಗರ್ ಮುಟ್ಟಬಾರದು. ಇಲ್ಲಿ ಕಾವಲು ನಾಯಿ ಹೊಡೆದು ನೆಂಟಸ್ತನ ಮುರಿದಿರೋ ರ‍್ಯಾಂಚ್‌ಗಳಿವೆ.

ದುಡ್ಡು ಬಂದಾಗ ಮೊದಲು ಕೈಯಲ್ಲಿ ಹಿಡಿಯೋ ಥರ್ಮಲ್ ಮೋನೋಕ್ಯುಲರ್ ತಗೋ, ಸ್ಕೋಪಲ್ಲ. ರೈಫಲ್ ಮೇಲಿನ ಸ್ಕೋಪಲ್ಲಿ ಸುತ್ತ ಹುಡುಕ್ತಾ ಕೂತ್ರೆ ಏನು ಅಂತ ಗೊತ್ತಾಗೋ ಮೊದಲೇ ಎಲ್ಲದಕ್ಕೂ ಕೋವಿ ತೋರ್ಸಿದ ಹಾಗಾಗುತ್ತೆ. ಭಾವ ಬೇಲಿ ಹತ್ರ ಬಂದಿದ್ರೆ?

ಧಾರವಾಡ_ಪೇಡಾ
ನಡುವ ಇನ್ನೊಂದು ದಾರಿ ಐತ್ರಿ. ಡಿಜಿಟಲ್ ನೈಟ್ ವಿಷನ್. 500 ಡಾಲರಿನ ಆಸುಪಾಸು ಬರ್ತಾವ. ಇನ್ಫ್ರಾರೆಡ್ ಟಾರ್ಚ್ ಬೇಕು. 850 ನ್ಯಾನೋಮೀಟರಿನ ಟಾರ್ಚ್ ದೂರ ಹೋಗ್ತೈತಿ, ಆದ್ರ ಎದುರಿಗೆ ಸಣ್ಣಗೆ ಕೆಂಪಗ ಕಾಣ್ತೈತಿ. 940 ಕಾಣಂಗಿಲ್ಲ, ದೂರನೂ ಹೋಗಂಗಿಲ್ಲ. ಎತ್ತರದ ಹುಲ್ಲಿದ್ರ ಬೆಳಕು ಹುಲ್ಲಿಗೇ ಬಡದು ಮುಂದ ಎಲ್ಲಾ ಬೆಳ್ಳಗ. ಇದರಾಗ ಪ್ರಾಣಿ ಮಾರಿ, ಕಿವಿ ಥರ್ಮಲ್‌ಕಿಂತ ಚಲೋ ಗುರುತು ಸಿಗ್ತಾವ, ಆದ್ರ ಪೊದಿಯಾಗ ಕುಂತದ್ದನ್ನ ಹುಡಕಾಕ ಆಗಂಗಿಲ್ಲ.

ಶಿರಸಿ_ಸೊಸೆ
ಬೇರೆ ರಾಜ್ಯದಲ್ಲಿ ಇರುವವರು ಇದನ್ನ ಓದಿ ಹಾಗೇ ಕೊಂಡುಕೊಳ್ಳಬೇಡಿ. ರಾತ್ರಿ ಬೇಟೆ, ಥರ್ಮಲ್, ನೈಟ್ ವಿಷನ್ ಎಲ್ಲಾ ರಾಜ್ಯಕ್ಕೊಂದು ಕಾನೂನು. ನಮ್ಮ ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ನಿಷೇಧ, ಕಯೋಟಿಗೂ ಸೇರಿ. ತಾಮ್ರದ ಗುಂಡಿಗೆ ಬದಲಾಯಿಸಿದರೆ ಸ್ಕೋಪ್ ಮತ್ತೆ ಜೀರೋ ಮಾಡಬೇಕು.

ಹೊಡೆದ ಪ್ರಾಣಿಯನ್ನ ಬರಿಗೈಲಿ ಮುಟ್ಟಬೇಡಿ, ಗ್ಲೋವ್ಸ್ ಹಾಕಿ. ಕಜ್ಜಿ ಇರುತ್ತೆ, ರೇಬಿಸ್ ಸಾಧ್ಯತೆಯೂ ಇದೆ. ದಕ್ಷಿಣ ಟೆಕ್ಸಸ್‌ನಲ್ಲಿ ಕಯೋಟಿಗಳಲ್ಲಿ ಹರಡಿದ್ದ ರೇಬಿಸ್ ತಡೆಯಕ್ಕೆ 1995ರಿಂದ ವಿಮಾನದಲ್ಲಿ ಲಸಿಕೆಯ ಉಂಡೆ ಉದುರಿಸಿದಾರೆ. ಅದು ಬಹಳ ಕಡಿಮೆ ಆಯಿತು, ಆದರೆ ಸ್ಕಂಕ್‌ನಿಂದ ಅಂಟುವುದು ಇದ್ದೇ ಇದೆ.

ವೀಸಾ_ಕ್ಯೂ
ನಾನೂ ಕಯೋಟಿ ಕಾಟದವನೇ. ಎಚ್-1ಬಿ ಮೇಲೆ ಇದೀನಿ. ಸ್ನೇಹಿತನ ರೈಫಲ್ ಮುಟ್ಟಬಹುದಾ?

ಪೊದೆಮರೆ
ಇದನ್ನ ಎಲ್ಲರೂ ಗಮನ ಇಟ್ಟು ಓದಿ. ಗ್ರೀನ್ ಕಾರ್ಡ್ ಇದ್ರೆ ಈ ತಕರಾರಿಲ್ಲ. ಎಚ್-1ಬಿ, ಎಲ್-1, ಎಫ್-1 ಥರದ ವೀಸಾದಲ್ಲಿ ಬಂದವರು ಬಂದೂಕು, ತೋಟಾ ಇಟ್ಕೊಳ್ಳೋದು ಫೆಡರಲ್ ಕಾನೂನಿನಲ್ಲಿ ಅಪರಾಧ. ಅದಕ್ಕೆ ಕೆಲವು ವಿನಾಯಿತಿ ಇದೆ, ಅದರಲ್ಲಿ ಒಂದು ಯಾವುದಾದ್ರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. "ಚಾಲ್ತಿಯಲ್ಲಿರೋ" ಅನ್ನೋದನ್ನ ಗೆರೆ ಎಳೆದು ಓದಿ. ಟೆಕ್ಸಸ್‌ನ ವರ್ಷದ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತೆ. ಸೆಪ್ಟೆಂಬರ್ 1ಕ್ಕೆ ಹೊಸದು ಜೇಬಲ್ಲಿರ್ಬೇಕು. ಮೇಕೆ ಕೊಲ್ಲೋ ಕಯೋಟಿಗೆ ಲೈಸೆನ್ಸ್ ಬೇಡ ಅಂತ ಟೆಕ್ಸಸ್‌ನಲ್ಲಿ ನಿಯಮ ಇದೆ ನಿಜ, ಆದ್ರೆ ಅದನ್ನ ನಂಬಿ ವೀಸಾದವರು ಲೈಸೆನ್ಸ್ ಬಿಟ್ರೆ ಕೆಡ್ತೀರಿ. ಒಂದು ಗಂಟೆ ವಕೀಲರ ಫೀಸ್ ಕೊಟ್ಟು ಕೇಳಿಕೊಳ್ಳಿ, ಗ್ರೀನ್ ಕಾರ್ಡ್ ಫೈಲ್‌ಗಿಂತ ಕಯೋಟಿ ದೊಡ್ಡದಲ್ಲ.

1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಕೂಡ ಆಗಿರ್ಬೇಕು. ಆನ್‌ಲೈನ್‌ನಲ್ಲೇ ಮಾಡ್ಬಹುದು.

ಕೋವಿ_ಕೊಡಗು
ಕೇಳುವವರು ಇದ್ದಾರೆ ಅಂತ ಮೊದಲೇ ಹೇಳುತ್ತೇನೆ: ಇಲ್ಲಿ ಕೊಂಡ ಸ್ಕೋಪನ್ನು ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. ರೈಫಲ್ ಸ್ಕೋಪ್ ಅಮೆರಿಕದಿಂದ ಹೊರಗೆ ಹೋಗಬೇಕಾದರೆ ಎಕ್ಸ್‌ಪೋರ್ಟ್ ಲೈಸೆನ್ಸ್ ಬೇಕು, ಥರ್ಮಲ್‌ಗೆ ಇನ್ನೂ ಬಿಗಿ. ಊರಿನಲ್ಲಿ ಅದರಿಂದ ಮಾಡುವುದಾದರೂ ಏನು? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಮುಗಿದ ಕತೆ. ನಮ್ಮ ಕೊಡವರಿಗೆ ತೋಕ್ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ ಅಂದ ಮಾತ್ರಕ್ಕೆ ನರಿ ಹೊಡೆಯಲು ಅನುಮತಿ ಇದೆ ಅಂತಲ್ಲ.

ಹಾಸನ_ಟು_ಆಸ್ಟಿನ್
ಎಲ್ಲಾ ಓದಿ ಭಾವನ ಜೊತೆ ಕೂತು ತೀರ್ಮಾನಿಸಿದ್ವಿ. ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಂ 3-9×40, ಇಲ್ಲಾ ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ 4-12×40. ಎರಡೂ ಬಜೆಟ್ ಒಳಗೇ ಇವೆ, ರಿಂಗಿಗೂ ಟಾರ್ಕ್ ಡ್ರೈವರಿಗೂ ದುಡ್ಡು ಉಳಿಯುತ್ತೆ. ನಾನು ಮೊದಲನೇದರ ಕಡೆ ವಾಲಿದೀನಿ.

ಗಾಜಿನಮನೆ
ನಿಮ್ಮ ಪೊದೆಗೆ ಮೊದಲನೇದೇ. ಅಮರಿಲ್ಲೋ ಗೌಡರ ಬಟ್ಟಬಯಲಿಗಾದ್ರೆ 4-12 ಅಂತಿದ್ದೆ. ಇಂಥ ಸ್ಕೋಪ್‌ಗಳ ಪ್ಯಾರಲಾಕ್ಸ್ (ಕಣ್ಣು ಆಚೀಚೆ ಆದ್ರೆ ಗೆರೆ ಗುರಿಯಿಂದ ಸರಿದ ಹಾಗೆ ಕಾಣೋದು) ಸಾಮಾನ್ಯವಾಗಿ 100ರಿಂದ 150 ಗಜಕ್ಕೆ ಕಾರ್ಖಾನೆಯಲ್ಲೇ ಕೂರಿಸಿರ್ತಾರೆ, ತಿರುಗಿಸೋ ಗುಂಡಿ ಇಲ್ಲ. ಕಣ್ಣು ನಡುವೆ ಇದ್ರೆ ನಿಮ್ಮ ದೂರಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಹಾಸನ_ಟು_ಆಸ್ಟಿನ್
ನಮ್ಮ ಹತ್ತಿರದ ರೇಂಜ್ 100 ಗಜ ಮಾತ್ರ. 200ಕ್ಕೆ ಜೀರೋ ಹೇಗೆ ಮಾಡೋದು ಸಾರ್?

ಪೊದೆಮರೆ
ಮೊದಲು 25 ಗಜದಲ್ಲಿ ದೊಡ್ಡ ಕಾಗದ ಇಟ್ಟು ಗುಂಡು ನಡುವೆ ಬರೋ ಹಾಗೆ ಮಾಡಿ. ಕಾಲು ಎಂಒಎ ಕ್ಲಿಕ್ (ಎಂಒಎ ಅಂದ್ರೆ ಕೋನದ ಅಳತೆ, 100 ಗಜದಲ್ಲಿ ಸುಮಾರು ಒಂದು ಇಂಚು) ಆದ್ರೆ 100 ಗಜದಲ್ಲಿ ಇಂಚಿಗೆ ನಾಲ್ಕು ಕ್ಲಿಕ್, 25 ಗಜದಲ್ಲಿ ಇಂಚಿಗೆ ಹದಿನಾರು. ಜನ ಇದನ್ನೇ ಮರೆತು ಪೆಟ್ಟಿಗೆಗಟ್ಟಲೆ ತೋಟಾ ಸುಡ್ತಾರೆ. ಆಮೇಲೆ 100ಕ್ಕೆ ಹೋಗಿ, ಮರಳು ಚೀಲದ ಮೇಲೆ ಇಟ್ಟು ಮೂರು ಮೂರು ಗುಂಡು. ಮೂರರ ನಡುಭಾಗ ಗುರಿಗಿಂತ ಒಂದೂವರೆ ಇಂಚು ಮೇಲೆ ಬಂದ್ರೆ 200ರ ಜೀರೋ ಹತ್ತಿರತ್ತಿರ ಆಯ್ತು. ನಳಿಗೆ ಬಿಸಿ ಆದ್ರೆ ಬಿಟ್ಟು ಕಾಯಿರಿ. ನಂತರ ಯಾವತ್ತಾದ್ರೂ ನಿಮ್ಮ ಜಮೀನಲ್ಲೇ, ಹಿಂದೆ ಮಣ್ಣಿನ ದಿಬ್ಬ ಇರೋ ಕಡೆ, 200 ಗಜ ಅಳೆದು ಒಮ್ಮೆ ಖಾತ್ರಿ ಮಾಡ್ಕೊಳ್ಳಿ. ಬೇರೆ ಬ್ರ್ಯಾಂಡಿನ ತೋಟಾ ತಗೊಂಡ್ರೆ ಮತ್ತೆ ಮೊದಲಿಂದ. ಸ್ಕೋಪ್ ಕೂರಿಸಿ ಮನೆಗೆ ತಂದಾಗ ಪವರ್ 3ರಲ್ಲೇ ಬಿಡಿ, ದೂರದ್ದು ಬಂದ್ರೆ ಏರಿಸೋಕೆ ಟೈಮ್ ಇರುತ್ತೆ.

ಹಾಸನ_ಟು_ಆಸ್ಟಿನ್
ಸರಿ ಸಾರ್. ರಿಂಗ್ ಮೀಡಿಯಂ ಸಾಕಾ, ಹೈ ಬೇಕಾ?

ಕೋವಿ_ಕೊಡಗು
40 ಎಂಎಂಗೆ ಲೋ ಅಥವಾ ಮೀಡಿಯಂ. ಸ್ಕೋಪಿನ ಮುಂದಿನ ಅಗಲ ಭಾಗಕ್ಕೂ ನಳಿಗೆಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಆರಾಮಾಗಿ ತೂರಿದರೆ ಸಾಕು, ಬೋಲ್ಟ್ ಹಿಡಿ ಮೇಲೆತ್ತಿದಾಗ ಹಿಂದಿನ ಗಾಜಿಗೆ ತಗುಲುತ್ತದಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.